ಮೀನು ಬಾರದ ದಿನಗಳ ಲೆಕ್ಕ

ನಮ್ಮ ಕಾಲೇಜಿನ ಸಂತಾಪ ಸಭೆಯಲ್ಲಿ ಮೂರು ಜನ ಮಾತಾಡಿದರು. ಮೇಷ್ಟ್ರು ಮೂವತ್ತು ವರ್ಷ ಪಾಠ ಮಾಡಿದರು ಎಂದು ಪ್ರಾಂಶುಪಾಲರು ಹೇಳಿದರು. ಆಡಳಿತ ಮಂಡಳಿಯವರು ಮೂವತ್ತೈದು ಎಂದರು. ಹಳೆಯ ವಿದ್ಯಾರ್ಥಿಯೊಬ್ಬ, ಈಗ ನಮ್ಮ ಚಳ್ಳಕೆರೆಯಲ್ಲೇ ಹೆಸರು ಮಾಡಿದ ವಕೀಲ, ಮೈಕು ಹಿಡಿದು "ಸುಮಾರು ನಾಲ್ಕು ದಶಕಗಳ ಸೇವೆ" ಎಂದು ಚಪ್ಪಾಳೆ ಗಿಟ್ಟಿಸಿದ. ಸಂತಾಪ ಸಭೆಯಲ್ಲಿ ಚಪ್ಪಾಳೆ! ಆಮೇಲೆ ಎರಡು ನಿಮಿಷ ಮೌನ ಎಂದರು. ನಾನು ಗಡಿಯಾರ ನೋಡಿದೆ. ಐವತ್ತು ಸೆಕೆಂಡಿಗೇ ಕುರ್ಚಿ ಎಳೆಯುವ ಸದ್ದು ಶುರುವಾಯಿತು. ಹಿಂದಿನ ಬೆಂಚಿನಲ್ಲಿ ಹಲ್ಲು ಕಡಿಯುತ್ತ ಕೂತಿದ್ದೆ. ಮೇಷ್ಟ್ರು ಅಲ್ಲಿದ್ದಿದ್ದರೆ ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಎದ್ದು ನಿಂತು ಒಂದೇ ಮಾತು ಕೇಳುತ್ತಿದ್ದರು: "ಎಣಿಸಿದ್ದೋ, ಅಂದಾಜೋ?"

ಈ ಮಾತಿನಿಂದ ಅವರು ಮಾಡಿಕೊಂಡ ಶತ್ರುಗಳು ಅಷ್ಟಿಷ್ಟಲ್ಲ. ನನ್ನ ಮದುವೆಗೆ ಸಾವಿರ ಜನ ಬಂದಿದ್ದರು ಎಂದು ನಮ್ಮ ಮಾವನವರು ಹೆಮ್ಮೆಯಿಂದ ಹೇಳಿದಾಗ ಮೇಷ್ಟ್ರು ಬಹಳ ವಿನಯದಿಂದ, "ಎಲೆ ಎಷ್ಟು ಹಾಕ್ಸಿದ್ರಿ?" ಎಂದು ಕೇಳಿದರು. ಮಾವನವರು ಇವತ್ತಿಗೂ ಅವರ ಹೆಸರು ಎತ್ತಿದರೆ ಮುಖ ಸಿಂಡರಿಸುತ್ತಾರೆ. ಬಸ್ಸು ತುಂಬಿತ್ತು ಎಂದರೆ ನಿಂತವರೆಷ್ಟು ಎನ್ನುತ್ತಿದ್ದರು. ಹುಡುಗರೆಲ್ಲ ನಪಾಸು ಎಂದರೆ ಎಲ್ಲ ಎಂದರೆಷ್ಟು ಎನ್ನುತ್ತಿದ್ದರು. ಒಳ್ಳೆಯವರು, ನಿಜ. ಆದರೆ ಒಳ್ಳೆಯವರ ಜತೆ ಕಾಲ ಕಳೆಯುವುದು ಸುಲಭ ಎಂದು ಯಾರು ಹೇಳಿದ್ದು?

ಅವರು ಪ್ರಾಣಿಶಾಸ್ತ್ರದ ಮೇಷ್ಟ್ರು. ಮೊಳಕಾಲ್ಮುರಿನ ನೇಕಾರರ ಮನೆಯ ಹಿರಿಮಗ. ಮನೆಯಲ್ಲಿ ತೆಲುಗು, ಕ್ಲಾಸಿನಲ್ಲಿ ಕನ್ನಡ, ಬೋರ್ಡಿನ ಮೇಲೆ ಇಂಗ್ಲಿಷು. ಹರೆಯದಲ್ಲಿ ಎರಡು ವರ್ಷ ಕರಾವಳಿಯಲ್ಲಿದ್ದು ಶಾರ್ಕ್ ಮೀನಿನ ಮೇಲೆ ಸಂಶೋಧನೆ ಶುರುಮಾಡಿದ್ದರಂತೆ. ಅಷ್ಟರಲ್ಲಿ ತಂದೆಗೆ ಲಕ್ವ ಹೊಡೆದು, ಮಗ್ಗ ನಿಂತು, ಇವರು ಊರಿಗೆ ಬಂದು ಚಳ್ಳಕೆರೆಯ ನಮ್ಮ ಕಾಲೇಜು ಸೇರಿದರು. ಡಾಕ್ಟರೇಟು ಅಲ್ಲೇ ಉಳಿಯಿತು. ಆದರೆ ಶಾರ್ಕ್ ಬಿಡಲಿಲ್ಲ. ಪ್ರತಿ ದಸರಾ ರಜೆ, ಪ್ರತಿ ಬೇಸಿಗೆ ರಜೆ, ಕೈಯಲ್ಲೊಂದು ರೆಕ್ಸಿನ್ ಚೀಲ ಹಿಡಿದು ಬಸ್ಸು ಹತ್ತುತ್ತಿದ್ದರು. ಚಿತ್ರದುರ್ಗ, ಶಿವಮೊಗ್ಗ, ಘಾಟಿ ಇಳಿದು ಮಲ್ಪೆ ಬಂದರು. ಅದೇ ಬಂದರು, ಅದೇ ಕಟ್ಟೆ, ಬೆಳಗ್ಗೆ ಅದೇ ಹೊತ್ತು. ಬಲೆಗೆ ಸಿಕ್ಕು ಬಂದ ಶಾರ್ಕುಗಳನ್ನು ಎಣಿಸುವುದು, ಅಳೆಯುವುದು, ಗಂಡೋ ಹೆಣ್ಣೋ ಬರೆಯುವುದು. ಸಂಬಳವಿಲ್ಲ, ಕೇಳಿದವರಿಲ್ಲ.

ನಮ್ಮ ಸೀಮೆಯಲ್ಲಿ ಸಮುದ್ರ ಎನ್ನುವುದು ಊರಿನ ಹೆಸರಿನಲ್ಲಿ ಮಾತ್ರ ಇರುವುದು. ಗೌರಸಮುದ್ರ, ದೇವಸಮುದ್ರ. ಕಾಲೇಜಿನ ಅಟೆಂಡರ್ ಪ್ರತಿ ರಜೆಗೂ ತಪ್ಪದೆ ಅವರನ್ನು ಕಾಡುತ್ತಿದ್ದ. "ಸಾರ್, ಅಷ್ಟು ದೂರ ಯಾಕ್ ಹೋಗ್ತೀರಿ? ದೇವಸಮುದ್ರದಾಗೆ ಶಾರ್ಕ್ ಬಂದೈತಂತೆ. ಬಸ್ ಹೊರಟೈತೆ, ಓಡ್ರಿ!"

ಮೇಷ್ಟ್ರು ನಗುತ್ತಿದ್ದರು. "ಎಷ್ಟ್ ಬಂದಾವೆ? ಎಣಿಸಿದ್ಯೇನಪ್ಪಾ?"

ತೊಂಬತ್ತರ ದಶಕದ ಆರಂಭದಲ್ಲಿ ನಾನು ಅವರ ವಿದ್ಯಾರ್ಥಿಯಾಗಿದ್ದೆ. ಒಂದು ಬೆಳಗ್ಗೆ ನಮ್ಮನ್ನೆಲ್ಲ ಉಳ್ಳಾರ್ತಿ ಕಾವಲಿಗೆ ಕರೆದುಕೊಂಡು ಹೋಗಿ, ಹುಲ್ಲುಗಾವಲನ್ನು ಪಾಲು ಮಾಡಿ, ಒಬ್ಬೊಬ್ಬರನ್ನು ಒಂದೊಂದು ಕಡೆ ಕೂರಿಸಿ ಕೃಷ್ಣಮೃಗ ಎಣಿಸಲು ಹೇಳಿದರು. ನನ್ನ ಪಾಲಿಗೆ ಬಂದದ್ದು ಬಿಸಿಲು ಮತ್ತು ಉಣ್ಣೆ ಹುಳದ ಕಡಿತ. ಎರಡು ಗಂಟೆ ಕೂತರೂ ಒಂದು ಕೊಂಬೂ ಕಾಣಲಿಲ್ಲ. ಏನೂ ಇಲ್ಲ ಎಂದು ಬರೆದರೆ ಮಾರ್ಕ್ಸ್ ಎಲ್ಲಿಂದ ಬರಬೇಕು? ಮೂರು ಎಂದು ಬರೆದೆ. ಮೇಷ್ಟ್ರು ನನ್ನ ಪುಟ ನೋಡಿ, "ಯಾವ ಕಡೆ ಮುಖ ಮಾಡಿದ್ವು?" ಎಂದರು.

"ಉತ್ತರಕ್ಕೆ ಸಾರ್."

"ಮೂರೂ?"

"ಮೂರೂ ಸಾರ್."

"ಒಳ್ಳೆ ಶಿಸ್ತಿನ ಜಿಂಕೆ," ಎಂದರು. ಎಲ್ಲರೂ ಗೊಳ್ಳೆಂದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇಷ್ಟು: "ನೋಡಪ್ಪಾ, ಕೂತು ನೋಡಿದೆ, ಇರಲಿಲ್ಲ ಅಂದ್ರೆ ಸೊನ್ನೆ ಬರಿ. ನೋಡೋಕೆ ಹೋಗಲೇ ಇಲ್ಲ ಅಂದ್ರೆ ಅಡ್ಡಗೆರೆ ಎಳಿ. ಇವೆರಡೂ ಒಂದೇ ಅಂತ ತಿಳ್ಕೊಂಡ ದಿನ ನಮ್ಮ ಶಾಸ್ತ್ರ ಮುಗೀತು."

ಅವತ್ತು ನನಗೆ ಅರ್ಥವಾದದ್ದು ಸುಳ್ಳು ಬರೆಯಬಾರದು ಎಂದಷ್ಟೇ. ಉಳಿದ ಅರ್ಧ ತಲೆಗೆ ಇಳಿಯಲೇ ಇಲ್ಲ. ಇಳಿದಿದ್ದರೆ ಇವತ್ತು ಇದನ್ನು ಬರೆಯುವ ಗತಿ ಬರುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಅದೇ ಕಾಲೇಜಿಗೆ, ಅದೇ ವಿಭಾಗಕ್ಕೆ ನಾನೂ ಮೇಷ್ಟ್ರಾಗಿ ಸೇರಿದೆ. ನಮ್ಮದು ಎಣ್ಣೆ ಮಿಲ್ಲಿನ ಮನೆ. ಮಿಲ್ಲು ಬಿಟ್ಟು ಕಪ್ಪೆ ಕೊಯ್ಯಲು ಹೋದ ಎಂದು ಅಪ್ಪನಿಗೆ ಸಿಟ್ಟು. ಅದು ಸಾಲದು ಎಂಬಂತೆ ಒಂದು ಬೇಸಿಗೆಯಲ್ಲಿ ಮೇಷ್ಟ್ರ ಬೆನ್ನು ಹತ್ತಿ ಮಲ್ಪೆಗೂ ಹೋದೆ. ಹುಟ್ಟಿದಾಗಿನಿಂದ ಮೀನಿನ ವಾಸನೆ ಕಾಣದ ಲಿಂಗಾಯತರ ಹುಡುಗ ನಾನು, ಬಂದರಿನಲ್ಲಿ ಮೂಗಿಗೆ ಟವೆಲ್ ಕಟ್ಟಿಕೊಂಡು ನಿಂತಿದ್ದೆ. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ಬರಿಗಾಲಿನಲ್ಲಿ ಆ ಲೋಳೆಯ ಮೇಲೆ ನಮ್ಮೂರ ಸಂತೆಯಲ್ಲಿ ಓಡಾಡಿದ ಹಾಗೆ ಓಡಾಡುತ್ತಿದ್ದರು. ಮೊದಲು ದೋಣಿ ಎಣಿಸುತ್ತಿದ್ದರು, ಆಮೇಲೆ ಮೀನು. "ಎಷ್ಟು ದೋಣಿ ಬಂದ್ವು ಅಂತ ಬರೀದೆ ಎಷ್ಟು ಮೀನು ಬಂತು ಅಂತ ಬರೆದ್ರೆ ಏನ್ ತಿಳೀತೈತೆ?" ಎನ್ನುತ್ತಿದ್ದರು. ಬರೆಯುವುದು ಅಲ್ಲೇ, ನಿಂತಲ್ಲೇ, ಪೆನ್ಸಿಲಿನಲ್ಲಿ. ತಪ್ಪಾದರೆ ಅಳಿಸುವಂತಿಲ್ಲ. ಅದರ ಮೇಲೆ ಒಂದೇ ಗೆರೆ ಹೊಡೆದು, ಕೆಳಗಿರುವುದು ಕಾಣುವ ಹಾಗೆ ಬಿಟ್ಟು, ಪಕ್ಕದಲ್ಲಿ ಸರಿ ಬರೆದು ಸಹಿ ಹಾಕಬೇಕು.

ಅಲ್ಲಿ ಮೀನು ಮಾರುವ ಹೆಂಗಸರಿಗೆ ಅವರು 'ಅಳತೆ ಮಾಷ್ಟ್ರು'. ಒಬ್ಬ ಅಜ್ಜಿ ಬುಟ್ಟಿಯ ಪಕ್ಕದಿಂದಲೇ ಕೂಗುತ್ತಿದ್ದಳು: "ಇವತ್ತು ನಿಮ್ಮ ಮೀನು ಇಲ್ಲ ಮಾರಾಯ್ರೆ. ಸುಮ್ಮನೆ ಎಂತಕ್ಕೆ ನಿಲ್ಲೂದು? ರೂಮಿಗೆ ಹೋಗಿ."

"ಇಲ್ಲ ಅಂತ ಬರ್ಕೊಳ್ಳೋಕೇ ನಿಂತಿದೀನಮ್ಮಾ," ಎನ್ನುತ್ತಿದ್ದರು ಮೇಷ್ಟ್ರು. ಅಜ್ಜಿ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಒಂದು ಬೆಳಗ್ಗೆ ಸುತ್ತಿಗೆಯಂಥ ತಲೆಯ ಹೆಣ್ಣು ಶಾರ್ಕೊಂದು ಬಂತು. ಬಸಿರಾಗಿತ್ತು. ಹೊಟ್ಟೆ ಸೀಳಿದಾಗ ಮರಿಗಳು ಕಟ್ಟೆಯ ಮೇಲೆ ಜಾರಿ ಬಿದ್ದವು, ಎಲ್ಲದಕ್ಕೂ ಅದೇ ಪುಟ್ಟ ಸುತ್ತಿಗೆ ತಲೆ. ಶಾರ್ಕ್ ಬೇರೆ ಮೀನುಗಳ ಹಾಗೆ ಲಕ್ಷಗಟ್ಟಲೆ ಮೊಟ್ಟೆ ಇಡುವ ಜಾತಿಯಲ್ಲ. ವರ್ಷಗಟ್ಟಲೆ ಬೆಳೆದ ಮೇಲೆ ಬಸಿರು, ಅದೂ ಕೆಲವೇ ಮರಿ. ಒಂದು ತಾಯಿ ಹೋದರೆ ಆ ಜಾಗ ತುಂಬುವುದಕ್ಕೆ ಬಹಳ ಕಾಲ ಬೇಕು. ಮೇಷ್ಟ್ರು ಕುಕ್ಕರಗಾಲಿನಲ್ಲಿ ಕೂತು ಒಂದೊಂದು ಮರಿಗೂ ಟೇಪು ಹಿಡಿದರು. ನಾನು ತಡೆಯಲಾರದೆ, "ಬೇಜಾರಾಗಲ್ವಾ ಸಾರ್ ನಿಮಗೆ?" ಎಂದು ಕೇಳಿದೆ.

"ಆಗ್ತೈತೆ. ಅದಕ್ಕೆ ಈ ಪುಸ್ತಕದಾಗೆ ಕಾಲಂ ಇಲ್ಲ," ಎಂದರು. ಮುಂದಿನ ಮರಿಗೆ ಟೇಪು ಹಿಡಿಯುತ್ತ ತಾವೇ, "ಇವ್ರ ಮೇಲೆ ಕೂಗಾಡೋಕೆ ನಾನ್ಯಾರು? ಹೊಟ್ಟೆಪಾಡು. ಕಮ್ಮಿ ಆಗ್ತಾವೆ ಅನ್ನೋದನ್ನ ಎಣಿಸಿ ತೋರಿಸಿದ್ರೆ ಕೇಳೋರು ಕೇಳ್ತಾರೆ," ಎಂದರು.

ಆ ನಂಬಿಕೆಯೊಂದರ ಮೇಲೆ ಅವರು ಬದುಕಿದ್ದರು ಎಂದರೆ ಹೆಚ್ಚಲ್ಲ. ಊರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮ ಮುಂದಿನ ಸೀಟೂ ಖಾಲಿ, ಹಿಂದಿನ ಸೀಟೂ ಖಾಲಿ. ಅವ್ವ ನನ್ನನ್ನು ಹಿತ್ತಲಲ್ಲೇ ನಿಲ್ಲಿಸಿ ನಾಲ್ಕು ಕೊಡ ನೀರು ಸುರಿದು, "ಇನ್ನೊಂದ್ ಸಲ ಹೋಗ್ತೀಯಾ? ಹೋಗು ನೋಡೋಣ!" ಎಂದಳು. ನಾನು ಮತ್ತೆ ಹೋಗಲಿಲ್ಲ. ಹೋಗದಿರಲು ಅವ್ವನ ಮಾತು ಒಂದು ನೆಪ ಅಷ್ಟೇ.

ಇಸವಿ ಎರಡು ಸಾವಿರ ದಾಟಿದ ಹೊಸದರಲ್ಲಿ ಸರ್ಕಾರ ಇದ್ದಕ್ಕಿದ್ದ ಹಾಗೆ ಯಾವ ಶಾರ್ಕನ್ನೂ ಹಿಡಿಯಕೂಡದು ಎಂದು ಆದೇಶ ಹೊರಡಿಸಿತು. ಕರಾವಳಿಯ ಮೀನುಗಾರರು ರೊಚ್ಚಿಗೆದ್ದರು. ಮೇಷ್ಟ್ರು ಕುಣಿದಾಡುತ್ತಾರೆ ಎಂದುಕೊಂಡು ಪೇಪರು ಹಿಡಿದು ಓಡಿದೆ. ಅವರು ಓದಿ ಮಡಿಸಿಟ್ಟು, "ಇದನ್ನ ಬರೆದೋರೂ ಎಣಿಸಿಲ್ಲ, ಬೇಡ ಅನ್ನೋರೂ ಎಣಿಸಿಲ್ಲ. ನಿಲ್ಲಲ್ಲ ಇದು," ಎಂದರು. ಹಾಗೇ ಆಯಿತು. ಆದೇಶವನ್ನು ಸಡಿಲಿಸಿ, ಕೆಲವೇ ಜಾತಿಗಳಿಗೆ ರಕ್ಷಣೆ ಉಳಿಸುವ ಮಾತು ಶುರುವಾಯಿತು. ಆಗ ಕರಾವಳಿಯಿಂದ ಮೇಷ್ಟ್ರಿಗೆ ಒಂದು ಕಾಗದ ಬಂತು. ಅವರ ಹಳೆಯ ಸಹಪಾಠಿಯೊಬ್ಬರು ಬರೆದದ್ದು. ಯಾವ ಜಾತಿ ಉಳಿಸಬೇಕೆಂದು ನೋಡುವವರ ಮುಂದೆ ಇಡಲು ಇಷ್ಟು ವರ್ಷಗಳ ಲೆಕ್ಕ ಬೇರೆ ಯಾರ ಹತ್ತಿರವೂ ಇಲ್ಲ, ನಿಮ್ಮ ಶಾರ್ಕ್ ದಾಖಲೆಗಳನ್ನು ಓದಲು ಬರುವ ಹಾಗೆ ಮಾಡಿ ಬೇಗ ಕಳಿಸಿ ಎಂದು.

ಮೇಷ್ಟ್ರು ಆ ಕಾಗದವನ್ನು ನನಗೆ ಎರಡು ಸಲ ಓದಿ ಹೇಳಿದರು. ಆ ಮನುಷ್ಯನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ದಸರಾ ರಜೆ ಬಂದಿತ್ತು. ಕಾಗದ ಬಂತೆಂದು ಎಣಿಕೆ ತಪ್ಪಿಸುವ ಆಸಾಮಿಯೇ? "ಬಂದ್ಮೇಲೆ ಕೂತ್ಕೊಂಡು ಇಬ್ರೂ ಮಾಡೋಣ ಕಣಪ್ಪಾ," ಎಂದು ಹೇಳಿ ಬಸ್ಸು ಹತ್ತಿದರು.

ಇಪ್ಪತ್ತಮೂರು ನೋಟ್‌ಬುಕ್ಕು. ಇದು ಅಂದಾಜಲ್ಲ, ಎಣಿಸಿದ್ದು. ಎಲ್ಲ ನಮ್ಮ ಲ್ಯಾಬಿನ ತಗಡಿನ ಬೀರುವಿನಲ್ಲಿದ್ದವು. ಉಪ್ಪುನೀರು ಕುಡಿದು ಉಬ್ಬಿದ ಹಾಳೆ, ಮೀನಿನ ನಾತ, ಬೀರು ತೆಗೆದರೆ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ಊರೆಲ್ಲ ಹೇಳುತ್ತಿತ್ತು, ಆ ಜಂಬ ಬೇರೆ. ಮೇಷ್ಟ್ರು ಬರುವಷ್ಟರಲ್ಲಿ ಮಾಡಿ ಮುಗಿಸಿ ಬೆರಗು ಹುಟ್ಟಿಸಬೇಕೆಂದು ಕೂತೆ. ಹತ್ತು ದಿನ. ರಟ್ಟು ಹಾಕಿದ ನಾಲ್ಕು ದೊಡ್ಡ ರೆಕಾರ್ಡ್ ಪುಸ್ತಕ, ಕೆಂಪು ಶಾಯಿಯ ಅಂಚು, ಬಣ್ಣದ ಪೆನ್ಸಿಲಿನಲ್ಲಿ ಶಾರ್ಕುಗಳ ಚಿತ್ರ, ಮುಂದೆ ಪರಿವಿಡಿ. ಮೇಷ್ಟ್ರ ನೋಟ್‌ಬುಕ್ಕುಗಳಲ್ಲಿ ಪುಟಗಟ್ಟಲೆ ಬರೀ ದೋಣಿಯ ಲೆಕ್ಕ ಮತ್ತು ಸೊನ್ನೆ, ದೋಣಿಯ ಲೆಕ್ಕ ಮತ್ತು ಸೊನ್ನೆ. ಕೈ ಬಿದ್ದುಹೋಗುತ್ತಿತ್ತು. ಅವರು ಕೇಳಿದ್ದು ಶಾರ್ಕ್ ದಾಖಲೆ ತಾನೇ, ಶಾರ್ಕೇ ಬಾರದ ದಿನ ಅದರಲ್ಲಿ ಯಾಕೆ ಎಂದುಕೊಂಡೆ. ಬಿಟ್ಟೆ. ಒಂದು ಅಂಕಿಯನ್ನೂ ತಿದ್ದಲಿಲ್ಲ, ಒಂದು ಸುಳ್ಳನ್ನೂ ಸೇರಿಸಲಿಲ್ಲ. ಬಿಟ್ಟೆ ಅಷ್ಟೇ.

ಆಮೇಲೆ ಆಯುಧಪೂಜೆ ಬಂತು. ಪೂಜೆಗೆ ಮುಂಚೆ ಲ್ಯಾಬು ತೊಳೆದು ಹಳೆಯದನ್ನೆಲ್ಲ ಹೊರಗೆ ಹಾಕುವುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಹುಡುಗರ ರಫ್ ರೆಕಾರ್ಡೂ ಆಗಲೇ ಹೋಗುವುದು. ಫೇರ್ ರೆಕಾರ್ಡಿಗೆ ಸಹಿ ಬಿದ್ದ ಮೇಲೆ ರಫ್ ಅನ್ನು ಯಾರು ಇಟ್ಟುಕೊಳ್ಳುತ್ತಾರೆ? ನಾನು ಓದಿದ್ದು ಹಾಗೆ, ಕಲಿಸಿದ್ದು ಹಾಗೆ. ಅಟೆಂಡರ್ "ಸಾರ್, ಈ ನಾರೋ ಪುಸ್ತಕಾನೂ ಹಾಕಲಾ?" ಎಂದು ಕೇಳಿದ. ನಾನೇ, ನನ್ನ ಬಾಯಿಂದಲೇ, "ಹಾಕಪ್ಪಾ, ಎಲ್ಲಾ ಫೇರ್ ಆಗೈತೆ," ಎಂದೆ. ನಾಲ್ಕು ಹೊಸ ಪುಸ್ತಕಗಳನ್ನು ಮೈಕ್ರೋಸ್ಕೋಪಿನ ಪಕ್ಕದಲ್ಲಿಟ್ಟು ಕುಂಕುಮ ಹಚ್ಚಿ, ಸೇವಂತಿಗೆ ಹೂ ಏರಿಸಿ, ಕಾಯಿ ಒಡೆದೆ.

ರಜೆ ಮುಗಿಸಿ ಬಂದ ಮೇಷ್ಟ್ರು ಮೊದಲನೆಯ ಪುಸ್ತಕ ತೆರೆದು ಮುಗುಳ್ನಕ್ಕರು. "ಏನ್ ಅಕ್ಷರನಪ್ಪಾ!" ಎಂದರು. ಹತ್ತು ಪುಟ ತಿರುಗಿಸಿದರು. ನಗು ನಿಂತಿತು. ಎರಡನೆಯ ಪುಸ್ತಕ ತೆಗೆದರು, ಮೂರನೆಯದು ತೆಗೆದರು. ಕನ್ನಡಕ ಹಣೆಗೇರಿತು.

"ಖಾಲಿ ದಿನ ಎಲ್ಲಿ?"

"ಅವನ್ನ ಬಿಟ್ಟೆ ಸಾರ್. ಏನೂ ಇರಲಿಲ್ಲವಲ್ಲ."

"ಹೋಗ್ಲಿ. ಹಳೇವು ತಗೊಂಬಾ."

ನಾನು ಸಂತೆಬೀದಿಗೆ ಓಡಿದೆ. ಹಳೇ ಪೇಪರ್ ಅಂಗಡಿಯ ಚಾಚಾ ನನ್ನ ಮಾತು ಕೇಳಿ ಮೂಗು ಹಿಡಿದು ತೋರಿಸಿದರು. "ಅರೆ ಮಾಸ್ಟರ್ ಸಾಬ್, ಆ ಮೀನ್ ಬದ್ಬೂ ಪುಸ್ತಕಾನಾ? ಅದ್ರಲ್ಲಿ ಶೇಂಗಾ ಕಟ್ಟಿದ್ರೆ ಗಿರಾಕಿ ನನ್ನ ಮುಖಕ್ಕೆ ಹೊಡೀತಾನೆ. ನೀರೊಲೆಗೆ ಹಾಕ್ಬಿಟ್ಟೆ. ಖತಮ್." ಶೇಂಗಾ ಪೊಟ್ಟಣವಾದರೂ ಆಗಿದ್ದರೆ ಊರೆಲ್ಲ ಸುತ್ತಿ ಒಂದೊಂದೇ ಹಾಳೆ ಆರಿಸಿ ತರುತ್ತಿದ್ದೆ. ಅದಕ್ಕೂ ಯೋಗವಿರಲಿಲ್ಲ.

ಅವತ್ತು ಮಧ್ಯಾಹ್ನ ಮೇಷ್ಟ್ರು ನನಗೆ ಬೋರ್ಡಿನ ಮೇಲೆ ಬರೆದು ತೋರಿಸಿದರು. ಶಾರ್ಕ್ ಬಂದ ದಿನ ಮೊದಲೂ ಎರಡು ಮೂರು ಬರುತ್ತಿದ್ದವು, ಈಗಲೂ ಎರಡು ಮೂರೇ. ವರ್ಷ ಹೋದ ಹಾಗೆ ಹೆಚ್ಚಿದ್ದು ಒಂದೂ ಬಾರದ ದಿನಗಳು. ಆ ದಿನಗಳನ್ನು ತೆಗೆದುಹಾಕಿದರೆ ಲೆಕ್ಕ ಏನು ಹೇಳುತ್ತದೆ? ಶಾರ್ಕುಗಳು ಸುಖವಾಗಿವೆ, ಏನೂ ಕಮ್ಮಿಯಾಗಿಲ್ಲ ಎನ್ನುತ್ತದೆ. ಅಷ್ಟೂ ವರ್ಷ ಅವರು ಕಂಡದ್ದಕ್ಕೆ ಸರಿಯಾಗಿ ಉಲ್ಟಾ ಸಾಕ್ಷಿಯನ್ನು ನಾನು ಮುತ್ತಿನಂಥ ಅಕ್ಷರದಲ್ಲಿ ಬರೆದು, ಕುಂಕುಮ ಹಚ್ಚಿ ಇಟ್ಟಿದ್ದೆ.

"ನೆನಪಿನಿಂದ ತುಂಬಿಸಿಬಿಡೋಣ ಸಾರ್," ಎಂದೆ. "ಹೆಚ್ಚು ಕಮ್ಮಿ ನಿಮಗೆ ಗೊತ್ತೇ ಐತಲ್ಲ. ಯಾರು ಕೇಳ್ತಾರೆ? ನೀವು ಬರೆಯೋದು ಸುಳ್ಳಲ್ಲವಲ್ಲ, ನಿಜವಾಗ್ಲೂ ಕಮ್ಮಿ ಆಗಿರೋದೇ ಅಲ್ವಾ?"

"ನೆನಪಿನಾಗೆ ಇರೋವೆಲ್ಲ ದೊಡ್ಡ ಮೀನೇ ಕಣಪ್ಪಾ. ಖಾಲಿ ದಿನ ಯಾರಿಗೆ ನೆನಪಿರ್ತಾವೆ?"

ನಾನು ಕೈಮುಗಿದೆ, ಜಗಳವಾಡಿದೆ, ಒಂದು ಹಂತದಲ್ಲಿ ಕೂಗಾಡಿದೆ ಕೂಡ. ಅತ್ತ ಆ ಮೀನುಗಳ ಹಣೆಬರಹ ಬರೆಯುತ್ತಿದ್ದಾರೆ, ಇತ್ತ ಈ ಮನುಷ್ಯ ಸೊನ್ನೆಗಾಗಿ ಹಠ ಹಿಡಿದು ಕೂತಿದ್ದಾರೆ! ಅಲುಗಲಿಲ್ಲ. "ನಮ್ಮ ನಾಯನ ಒಂದು ಎಳೆ ತುಂಡಾದ್ರೆ ಮಗ್ಗ ನಿಲ್ಲಿಸಿಬಿಡ್ತಿದ್ದ," ಎಂದು ತಮ್ಮ ತಂದೆಯ ಮಾತು ತೆಗೆದರು. ನನಗೆ ಮೈ ಉರಿದುಹೋಯಿತು. ಅವರು ಒಂದು ಮಾತು ಬೈದಿದ್ದರೆ, ಒಂದು ಪುಸ್ತಕ ಎತ್ತಿ ಮುಖದ ಮೇಲೆ ಎಸೆದಿದ್ದರೆ ನನಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅದನ್ನೂ ಮಾಡಲಿಲ್ಲ.

ಸಹಪಾಠಿಗೆ ಉತ್ತರ ಬರೆದು ನನ್ನ ಕೈಗೆ ಕೊಟ್ಟು, ಅಂಚೆಗೆ ಹಾಕುವ ಮುಂಚೆ ಓದು ಎಂದರು. ಉದ್ದ ಅಳತೆ, ಬಸಿರಿನ ವಿವರಗಳನ್ನು ಬಳಸಬಹುದು, ಬೇಕೆಂದರೆ ಕಳಿಸುತ್ತೇನೆ, ಏರಿಳಿತ ಹೇಳಲು ಮಾತ್ರ ನನ್ನಲ್ಲಿರುವ ಪ್ರತಿ ಲಾಯಕ್ಕಿಲ್ಲ ಎಂದು ಬರೆದಿದ್ದರು. ಕೊನೆಗೆ, 'ನಕಲು ಮಾಡುವಾಗ ನನ್ನಿಂದ ತಪ್ಪಾಗಿದೆ' ಎಂದಿತ್ತು.

"ಸಾರ್, ನಕಲು ಮಾಡಿದ್ದು ನಾನು. ಇದೂ ಸುಳ್ಳೇ ಅಲ್ವಾ?" ಎಂದೆ.

ಅವರು ಯೋಚಿಸಿದರು. "ಹೌದಲ್ಲ," ಎಂದು ಕಾಗದ ಇಸಕೊಂಡು ಆ ಸಾಲಿನ ಮೇಲೆ ಒಂದೇ ಗೆರೆ ಹೊಡೆದರು. ಪಕ್ಕದಲ್ಲಿ ಬರೆದರು: 'ನಕಲು ಮಾಡಿದವರು ನನ್ನ ಸಹೋದ್ಯೋಗಿ, ಒಳ್ಳೆಯ ಮನಸ್ಸಿನಿಂದ. ಮೂಲಕ್ಕೆ ಬೀಗ ಹಾಕಿ ಇಡದಿದ್ದುದು ನನ್ನ ತಪ್ಪು.' ಸಹಿ ಹಾಕಿದರು.

ಉತ್ತರ ಬರಲಿಲ್ಲ. ಕೆಲವು ವಾರಗಳಲ್ಲಿ ಹೊಸ ಪಟ್ಟಿ ಹೊರಬಿತ್ತು. ಬೆರಳೆಣಿಕೆಯ ಜಾತಿಗಳು. ಸುತ್ತಿಗೆ ತಲೆಯ ಶಾರ್ಕ್ ಅದರಲ್ಲಿರಲಿಲ್ಲ. ಇಪ್ಪತ್ತಮೂರು ನೋಟ್‌ಬುಕ್ಕು ಅವರ ಕೈ ಸೇರಿದ್ದರೆ ಇರುತ್ತಿತ್ತೇ? ಬಹುಶಃ ಇಲ್ಲ. ಚಳ್ಳಕೆರೆಯ ಮೇಷ್ಟ್ರ ಪೆನ್ಸಿಲಿನ ಬರಹವನ್ನು ಯಾರು ನೋಡುತ್ತಿದ್ದರು? ಹೀಗೆ ಸಮಾಧಾನ ಹೇಳಿಕೊಂಡಾಗಲೆಲ್ಲ ಆ ಹಾಳು ಪ್ರಶ್ನೆ ಕಿವಿಯಲ್ಲಿ ಕೇಳುತ್ತದೆ, ಎಣಿಸಿದ್ದೋ, ಅಂದಾಜೋ. ಅದನ್ನು ತಿಳಿಯುವ ದಾರಿಯನ್ನು ನಾನೇ ನೀರೊಲೆಗೆ ಹಾಕಿಸಿದೆ.

ಮುಂದಿನ ಬೇಸಿಗೆಗೆ ಅವರು ಹೊಸ ನೋಟ್‌ಬುಕ್ಕು ಕೊಂಡರು. ಮೊದಲ ಪುಟದ ಮೇಲೆ ಒಂದು ಎಂದು ಬರೆದರು. ಇಪ್ಪತ್ತನಾಲ್ಕು ಎಂದಲ್ಲ, ಒಂದು ಎಂದು. ನಿವೃತ್ತಿಗೆ ನಾಲ್ಕು ವರ್ಷವಿತ್ತು. "ಈ ವಯಸ್ಸಿನಾಗೆ ಮತ್ತೆ ಮೊದಲಿಂದಾನಾ ಸಾರ್?" ಎಂದರೆ, "ಮಧ್ಯದಿಂದ ಶುರು ಮಾಡೋಕಾಗ್ತೈತೇನು?" ಎಂದರು. ನಿವೃತ್ತಿಯಾದ ಮೇಲೂ ಕಾಲೇಜಿನ ರಜೆ ಹಿಡಿದೇ ಹೋಗಿ ಬರುತ್ತಿದ್ದರು. ದಿನ ಬದಲಾದರೆ ಹೋಲಿಸುವುದು ಹೇಗೆ?

ಅವರು ತೀರಿಕೊಂಡ ಹನ್ನೊಂದನೆಯ ದಿನ ಮೊಳಕಾಲ್ಮುರಿಗೆ ಹೋಗಿದ್ದೆ. ಪಡಸಾಲೆಯಲ್ಲಿ ಅವರ ತಮ್ಮನ ಮಗ್ಗ, ಅದರ ಪಕ್ಕದಲ್ಲಿ ಕಬ್ಬಿಣದ ಪೆಟ್ಟಿಗೆ. ಅವರ ಹೆಂಡತಿ ನನಗೆ ಬೀಗದಕೈ ಕೊಟ್ಟರು. "ನೀಕೇ ಇವ್ವಮನ್ನಾರಪ್ಪಾ," ಎಂದು ತೆಲುಗಿನಲ್ಲಿ ಶುರುಮಾಡಿ ಕನ್ನಡಕ್ಕೆ ಬಂದರು. "ನಿನಗೇ ಕೊಡು ಅಂದ್ರು. ಇನ್ಯಾರೂ ಮುಟ್ಟಬಾರ್ದು ಅಂದ್ರು. ಹುಷಾರಾಗಿ ಇಟ್ಕೊಂತಾನೆ ಅಂದ್ರು."

ನಾನು ಬಾಯಿಗೆ ಟವೆಲ್ ಒತ್ತಿಕೊಂಡೆ. ಎಲ್ಲ ಬಿಟ್ಟು ನನ್ನನ್ನೇ ನಂಬಬೇಕಿತ್ತೇ ಈ ಮನುಷ್ಯ?

ಪೆಟ್ಟಿಗೆಯಲ್ಲಿ ಹದಿನಾಲ್ಕು ನೋಟ್‌ಬುಕ್ಕು. ಅಡಿಯಲ್ಲಿ ನನ್ನ ನಾಲ್ಕು ಫೇರ್ ರೆಕಾರ್ಡು, ಕುಂಕುಮದ ಕಲೆ ಹಾಗೇ ಇದೆ. ಒಂದೊಂದರ ಮೊದಲ ಪುಟದಲ್ಲೂ ಅವರ ಕೈಬರಹ: 'ಖಾಲಿ ದಿನಗಳು ಇದರಲ್ಲಿಲ್ಲ. ಓದುವವರು ಎಚ್ಚರ.' ಹದಿನಾಲ್ಕನೆಯ ನೋಟ್‌ಬುಕ್ಕು ಅವರು ಆಸ್ಪತ್ರೆಯಲ್ಲಿದ್ದ ಬೇಸಿಗೆಯದು. ಬಂದರಿಗೆ ಹೋಗಲಾಗದ ಆ ದಿನಗಳಿಗೆಲ್ಲ ತಾರೀಖು ಹಾಕಿ, ಒಂದೊಂದು ಅಡ್ಡಗೆರೆ ಎಳೆದಿದ್ದರು. ಅದರ ಮುಂದಿನ ದಸರಾದ ತಾರೀಖುಗಳನ್ನೂ ಬರೆದಿಟ್ಟಿದ್ದರು, ಎದುರಿನ ಜಾಗ ಖಾಲಿ.

ಆ ದಸರಾಕ್ಕೆ ನಾನು ಹೋಗಬೇಕಿತ್ತು. ಬಸ್ಸಿನ ಹೊತ್ತು ಕೂಡ ವಿಚಾರಿಸಿದ್ದೆ. ಮಿಲ್ಲಿನಲ್ಲಿ ಏನೋ ಕೆಲಸ ಬಂತು, ಮಗಳಿಗೆ ಜ್ವರ ಬಂತು, ಬೇಸಿಗೆಗೆ ನೋಡೋಣ ಎಂದೆ. ಬೇಸಿಗೆಯೂ ಬಂತು, ಹೋಯಿತು. ಪುಸ್ತಕ ನನ್ನ ಬೀರುವಿನಲ್ಲಿ ಬೀಗ ಹಾಕಿದೆ. ಪ್ರತಿ ರಜೆಗೆ ತೆಗೆಯುತ್ತೇನೆ. ತಾರೀಖು ಬರೆದು, ಎದುರಿಗೆ ಪೆನ್ಸಿಲಿನಿಂದ ಒಂದು ಅಡ್ಡಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕುತ್ತೇನೆ. ಒಮ್ಮೆ ಕೈ ತಪ್ಪಿ ಸೊನ್ನೆ ಬರೆದುಬಿಟ್ಟಿದ್ದೆ. ಅದರ ಮೇಲೆ ಕೆಳಗಿನದು ಕಾಣುವ ಹಾಗೆ ಒಂದೇ ಗೆರೆ ಹೊಡೆದು, ಸರಿಯಾದದ್ದನ್ನು ಬರೆದೆ: ನೋಡಲು ಹೋಗಲಿಲ್ಲ.